ಬರೆಯಲು ಏನೂ ಹೊಳೆಯುತ್ತಿಲ್ವಾ? ಒಂದು ಸುತ್ತು ಹೋಗಿ ಬನ್ನಿ

ಲೇಖನ ಬರೆಯಲು ಕೂತರೆ ತಲೆ ಖಾಲಿ ಎಂದು ಇಲ್ಲಿ ಇಬ್ಬರು ಕೇಳಿದ್ದರು. ಹೋದ ಮೇ ತಿಂಗಳಲ್ಲಿ ನನಗೂ ಹೀಗೇ ಆಗಿತ್ತು. ಮೂರು ದಿನ ಕೂತರೂ ಒಂದು ಸಾಲು ಬರಲಿಲ್ಲ, ಕಾಫಿ ಮಾತ್ರ ಖರ್ಚಾಯಿತು. ಕೊನೆಗೆ ಸುಮ್ನೆ ಹಾಸನದ ಎಪಿಎಂಸಿ ಯಾರ್ಡ್ ಕಡೆ ಹೋದೆ. ಬಿತ್ತನೆ ಆಲೂಗಡ್ಡೆಯ ಕಾಲ. ಯಜಮಾನರೊಬ್ಬರು ಚೀಲದಿಂದ ಒಂದು ಗಡ್ಡೆ ತೆಗೆದು, ಚಾಕುವಿನಲ್ಲಿ ಸೀಳಿ, ಒಳಗೆ ಕಪ್ಪಾಗಿದೆಯಾ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. "ಜಲಂಧರ್ ಬೀಜ ಕಣಪ್ಪ" ಎಂದರು.

ಇಷ್ಟು ಆಲೂಗಡ್ಡೆ ಬೆಳೆಯುವ ನಮ್ಮ ಜಿಲ್ಲೆಗೆ ಬೀಜ ಪಂಜಾಬಿನಿಂದ ಯಾಕೆ ಬರಬೇಕು? ಆ ಒಂದು ಪ್ರಶ್ನೆ ಸಾಕಾಯಿತು. ಅಲ್ಲಿನ ಚಳಿಯಲ್ಲಿ ಗಿಡಹೇನಿನ ಕಾಟ ಕಡಿಮೆ. ಹಾಗಾಗಿ ಅದು ಹರಡುವ ನಂಜುರೋಗವೂ (ವೈರಸ್ ರೋಗ) ಬೀಜದ ಗಡ್ಡೆಯಲ್ಲಿ ಕಡಿಮೆ. ಇದನ್ನು ಕೇಳಿ ತಿಳಿದುಕೊಳ್ಳುವಷ್ಟರಲ್ಲಿ ಎರಡು ಪುಟ ತುಂಬಿತ್ತು.

ನೋಡಿದ ಜಾಗವನ್ನೇ ಬೇರೆ ತಿಂಗಳಲ್ಲಿ ನೋಡಿ. ಹಾಸನದ ಹತ್ತಿರ ಪಾಳುಬಿದ್ದಿರುವ ಶೆಟ್ಟಿಹಳ್ಳಿ ಚರ್ಚ್‌ಗೆ ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಹೇಮಾವತಿ ಹಿನ್ನೀರು ತುಂಬಿದರೆ ಅದೇ ಕಟ್ಟಡ ಅರ್ಧ ಮುಳುಗಿರುತ್ತದೆ. ಎಲ್ಲರೂ ಫೋಟೋ ಹಾಕುತ್ತಾರೆ. ಅಣೆಕಟ್ಟೆಗಾಗಿ ಊರು ಬಿಟ್ಟ ಅಲ್ಲಿನ ಜನ ಎಲ್ಲಿಗೆ ಹೋದರು ಎಂದು ಕೇಳುವವರು ಕಡಿಮೆ, ಅಲ್ವಾ? ಬೇಲೂರು ಶಿಲಾಬಾಲಿಕೆಯರಿಗೆ ಸ್ವಲ್ಪ ದಿನ ರಜೆ ಕೊಡಿ, ಅವರ ಮೇಲೆ ಬರೆದಿದ್ದು ಜಾಸ್ತಿಯೇ ಆಯಿತು.

ಹೊಳೆದದ್ದನ್ನು ಮೊಬೈಲ್‌ನಲ್ಲೇ ಬರೆದಿಡಿ. ಬಸ್ ಟಿಕೆಟ್ ಹಿಂದೆ ಬರೆದು ಜೇಬಿಗಿಟ್ಟ ಎರಡು ಲೇಖನಗಳನ್ನು ನಾನು ಅಂಗಿ ಸಮೇತ ಒಗೆದಿದ್ದೇನೆ.