ನಿಮ್ಮ ದಿಂಬು ಎಷ್ಟು ಬೆರಳು ಎತ್ತರ ಇರಬೇಕು?

ಕಳೆದ ವರ್ಷ ಒಂದು ಬೆಳಿಗ್ಗೆ ಎದ್ದಾಗ ನನ್ನ ಕತ್ತು ಎಡಕ್ಕೆ ತಿರುಗಲೇ ಇಲ್ಲ. ಗೇಟಿನಿಂದ ಸ್ಕೂಟರ್ ಹೊರಗೆ ತರುವಾಗ ಹಿಂದೆ ನೋಡಲು ಇಡೀ ಮೈಯನ್ನೇ ತಿರುಗಿಸಬೇಕಾಯಿತು. ‘ಕತ್ತು ಹಿಡ್ಕೊಂಡಿದೆ, ನಾಲ್ಕು ದಿನ ದಿಂಬು ಬಿಟ್ಟು ಮಲಗು’ ಎಂದರು ಅಮ್ಮ. ‘ಒಳ್ಳೇ ದಿಂಬು ತಗೊಳ್ಳೋ’ ಎಂದ ಗೆಳೆಯ. ಗೆಳೆಯನ ಮಾತು ಕೇಳಿ ಎರಡೂವರೆ ಸಾವಿರ ಕೊಟ್ಟು ಆನ್‌ಲೈನಿನಲ್ಲಿ ಉಬ್ಬುತಗ್ಗಿನ ಸರ್ವೈಕಲ್ ದಿಂಬು ತರಿಸಿದೆ. ಹತ್ತೇ ದಿನಕ್ಕೆ ನೋವು ಇನ್ನೂ ಜಾಸ್ತಿಯಾಯಿತು.

ದಿಂಬು ಕೆಟ್ಟದ್ದೇನೂ ಆಗಿರಲಿಲ್ಲ. ನನ್ನ ಕತ್ತಿಗೆ ಎರಡು ಬೆರಳು ಎತ್ತರವಾಗಿತ್ತು, ಅಷ್ಟೇ. ಕಾಲಳತೆ ನೋಡದೆ ಚಪ್ಪಲಿ ತರಿಸಿದ ಹಾಗಾಗಿತ್ತು ನನ್ನ ಕತೆ.

ನಮ್ಮ ತಲೆ ಸುಮಾರು ನಾಲ್ಕೂವರೆಯಿಂದ ಐದು ಕೆ.ಜಿ. ತೂಗುತ್ತದೆ. ಹಗಲೆಲ್ಲ ಅದನ್ನು ಹೊರುವುದು ಕತ್ತಿನ 7 ಪುಟ್ಟ ಮೂಳೆಗಳು ಮತ್ತು ಸುತ್ತಲಿನ ಸ್ನಾಯುಗಳು. ಪಕ್ಕದಿಂದ ನೋಡಿದರೆ ಈ ಮೂಳೆಗಳ ಸಾಲು ಮುಂದಕ್ಕೆ ಸ್ವಲ್ಪ ಬಾಗಿರುತ್ತದೆ. ಹಾಗಾಗಿ ಮಲಗಿದಾಗ ಕತ್ತಿಗೂ ಹಾಸಿಗೆಗೂ ನಡುವೆ ಒಂದು ಸಂದು ಉಳಿಯುತ್ತದೆ. ದಿಂಬು ತುಂಬಬೇಕಾದದ್ದು ಆ ಸಂದನ್ನು. ಕಡಿಮೆ ತುಂಬಿದರೆ ತಲೆ ಜೋತುಬೀಳುತ್ತದೆ, ಜಾಸ್ತಿ ತುಂಬಿದರೆ ಕತ್ತು ಮಡಚುತ್ತದೆ. ಆರೇಳು ಗಂಟೆ ಹಾಗೇ ಇದ್ದರೆ ಸ್ನಾಯು ಸುಮ್ನೆ ಇರುತ್ತದೆಯೇ?

ಮೊದಲು ನೀವು ಮಲಗುವ ರೀತಿ ನೋಡಿ

ನಿದ್ದೆ ಹೋಗುವಾಗ ಹೇಗಿರುತ್ತೀರಿ ಎನ್ನುವುದಕ್ಕಿಂತ ಬೆಳಿಗ್ಗೆ ಎಚ್ಚರವಾದಾಗ ಹೇಗಿದ್ದೀರಿ ಎಂದು ಮೂರು ನಾಲ್ಕು ದಿನ ಗಮನಿಸಿ. ಅಂಗಾತ ಮಲಗುವವರಿಗೆ ತೆಳ್ಳಗಿನ ದಿಂಬು ಸಾಕು. ತಲೆಯ ಭಾರಕ್ಕೆ ತಗ್ಗಿದ ಮೇಲೆ ಮೂರರಿಂದ ನಾಲ್ಕು ಇಂಚು ಉಳಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಗ್ಗುಲಾಗಿ ಮಲಗುವವರಿಗೆ ಭುಜದ ಅಗಲದಷ್ಟು ಸಂದು ತುಂಬಬೇಕು. ಹಾಗಾಗಿ ಎತ್ತರ ಜಾಸ್ತಿ ಬೇಕು. ಅಗಲ ಭುಜದ ಅಣ್ಣನಿಗೂ ಸಣ್ಣ ಮೈಕಟ್ಟಿನ ತಂಗಿಗೂ ಒಂದೇ ಅಳತೆಯ ದಿಂಬು ಹೊಂದುವುದಿಲ್ಲ. ಜೋಡಿ ದಿಂಬು ಅಗ್ಗಕ್ಕೆ ಸಿಗುತ್ತದೆ ಎಂದು ಗಂಡ ಹೆಂಡತಿ ಒಂದೇ ಥರದ್ದು ಕೊಳ್ಳುವುದು ಇದೇ ಕಾರಣಕ್ಕೆ ಕೈಕೊಡುತ್ತದೆ.

ಬೋರಲು ಮಲಗುವವರ ಕತ್ತು ರಾತ್ರಿಯಿಡೀ ಒಂದೇ ಕಡೆ ತಿರುಗಿರುತ್ತದೆ. ಇದಕ್ಕೆ ಯಾವ ದಿಂಬೂ ಪೂರ್ತಿ ಪರಿಹಾರವಲ್ಲ. ಬಹಳ ತೆಳುವಾದದ್ದು ಇಟ್ಟುಕೊಳ್ಳಿ, ಇಲ್ಲವೇ ದಿಂಬನ್ನೇ ಬಿಡಿ. ಒಂದು ದಿಂಬನ್ನು ತಬ್ಬಿಕೊಂಡು ಮಲಗಿದರೆ ನಿಧಾನಕ್ಕೆ ಮಗ್ಗುಲಿಗೆ ಮಲಗುವ ಅಭ್ಯಾಸವಾಗುತ್ತದೆ.

ಅಂಗಡಿಗೆ ಹೋಗುವ ಮೊದಲು ಬೆಡ್‌ಶೀಟ್ ಮಡಚಿ

ಎರಡೂವರೆ ಸಾವಿರ ಕಳೆದುಕೊಳ್ಳುವ ಮೊದಲು ನಾನು ಈ ಕೆಲಸ ಮಾಡಬೇಕಿತ್ತು. ಹಳೆಯ ಹತ್ತಿ ಬೆಡ್‌ಶೀಟ್, ದಪ್ಪ ಟವೆಲ್ ಮೂರು ನಾಲ್ಕು ತೆಗೆದುಕೊಳ್ಳಿ. ದಿಂಬಿನ ಅಗಲಕ್ಕೆ ಬಿಗಿಯಾಗಿ ಮಡಚಿ, ದಿನಾ ಮಲಗುವ ಹಾಸಿಗೆಯ ಮೇಲೇ ಒಂದರ ಮೇಲೊಂದು ಇಡಿ. ಅದರ ಮೇಲೆ ತಲೆಯಿಟ್ಟು ಮಲಗಿ, ಮನೆಯವರನ್ನು ನೋಡಲು ಹೇಳಿ.

ಮಗ್ಗುಲಾದಾಗ ಮೂಗಿನ ತುದಿ, ಗದ್ದ, ಕತ್ತಿನ ಕೆಳಗಿನ ಗುಳಿ ಮೂರೂ ಒಂದೇ ಗೆರೆಯಲ್ಲಿರಬೇಕು. ಆ ಗೆರೆ ಹಾಸಿಗೆಗೆ ಸಮನಾಗಿರಬೇಕು. ಅಂಗಾತ ಮಲಗಿದಾಗ ಹಣೆ, ಗದ್ದ ಒಂದೇ ಮಟ್ಟದಲ್ಲಿರಬೇಕು. ಗದ್ದ ಎದೆಯ ಕಡೆಗೆ ಬಂದರೆ ಎತ್ತರ ಜಾಸ್ತಿ, ಸೂರಿನ ಕಡೆಗೆ ಎದ್ದರೆ ಕಡಿಮೆ. ಒಬ್ಬರೇ ಇದ್ದರೆ ಮೊಬೈಲನ್ನು ಸ್ಟೂಲಿನ ಮೇಲಿಟ್ಟು ಟೈಮರ್ ಹಾಕಿ ಫೋಟೊ ತೆಗೆದುಕೊಳ್ಳಿ. ನಾವು ನೆಟ್ಟಗಿದ್ದೇವೆ ಎಂದುಕೊಂಡಿರುತ್ತೇವೆ, ಫೋಟೊ ಬೇರೆಯದೇ ಹೇಳುತ್ತದೆ.

ಒಂದೊಂದೇ ಮಡಿಕೆ ಸೇರಿಸುತ್ತಾ ತೆಗೆಯುತ್ತಾ ಸರಿಯಾದ ಎತ್ತರ ಹುಡುಕಿ. ಹತ್ತು ನಿಮಿಷ ಹಾಗೇ ಮಲಗಿ ನೋಡಿ. ಆಮೇಲೆ ಆ ಮಡಿಕೆಯ ಪಕ್ಕಕ್ಕೆ ಸ್ಕೇಲ್ ಹಿಡಿಯಿರಿ, ಇಲ್ಲವೇ ಬೆರಳಿಟ್ಟು ಅಳೆಯಿರಿ. ನಾಲ್ಕು ಬೆರಳು ಜೋಡಿಸಿದರೆ ಹೆಚ್ಚುಕಡಿಮೆ ಮೂರು ಇಂಚು. ನಿಮಗೆ ಬೇಕಾದ ಅಳತೆ ಇದೇ, ಬರೆದಿಟ್ಟುಕೊಳ್ಳಿ.

ಸ್ವಂತ ಹಾಸಿಗೆಯ ಮೇಲೇ ಅಳೆಯಿರಿ ಎಂದದ್ದಕ್ಕೆ ಕಾರಣವಿದೆ. ಮೆತ್ತನೆ ಹಾಸಿಗೆಯಲ್ಲಿ ಭುಜ ಒಳಗಿಳಿಯುತ್ತದೆ, ಸಂದು ಚಿಕ್ಕದಾಗುತ್ತದೆ. ಚಾಪೆ ಅಥವಾ ಗಟ್ಟಿ ತೆಂಗಿನ ನಾರಿನ ಹಾಸಿಗೆಯಾದರೆ ಭುಜ ಇಳಿಯುವುದೇ ಇಲ್ಲ. ಹಾಸಿಗೆ ಬದಲಾದರೆ ದಿಂಬಿನ ಲೆಕ್ಕವೂ ಬದಲಾಗುತ್ತದೆ. ನನ್ನದು ಮೆತ್ತನೆಯದು. ನಾನು ಎಡವಿದ್ದು ಅಲ್ಲೇ.

ಒಳಗೆ ಏನಿದೆ?

ಹತ್ತಿ ದಿಂಬನ್ನು ಹಳೇ ಕಾಲದ್ದು ಎಂದು ತಳ್ಳಿಹಾಕಬೇಡಿ. ಹೊಲಿಗೆ ಬಿಚ್ಚಿ ಎರಡು ಹಿಡಿ ಹತ್ತಿ ತೆಗೆದರೆ ನಿಮ್ಮ ಅಳತೆಗೆ ಬರುತ್ತದೆ. ಇನ್ನೊಂದು ಉಪಾಯವೂ ಉಂಟು. ನಡುವಿನ ಹತ್ತಿಯನ್ನು ಕೈಯಿಂದ ಎರಡೂ ಪಕ್ಕಕ್ಕೆ ಸರಿಸಿ. ಅಂಗಾತ ಮಲಗಲು ನಡುವಿನ ತಗ್ಗು, ಮಗ್ಗುಲಾಗಲು ಪಕ್ಕದ ಎತ್ತರ, ಎರಡೂ ಒಂದೇ ದಿಂಬಿನಲ್ಲಿ ಸಿಗುತ್ತದೆ. ಅದರ ಕಷ್ಟವೆಂದರೆ ಹತ್ತಿ ಬೇಗ ಗಂಟು ಕಟ್ಟಿ ಕೂತುಬಿಡುತ್ತದೆ. ಆಗ ಬಿಸಿಲಿಗೆ ಹಾಕಬೇಕು, ಹಿಂಜಿಸಬೇಕು. ಬಿಲ್ಲು ಹಿಡಿದು ಮನೆಮುಂದೆ ಹತ್ತಿ ಹಿಂಜುತ್ತಿದ್ದವರು ಈಗ ಅಪರೂಪ, ಆದರೆ ಹಾಸಿಗೆ ಅಂಗಡಿಗಳಲ್ಲಿ ಮೆಷಿನ್ ಇರುತ್ತದೆ. ಬೂರುಗದ ಹತ್ತಿ ಇನ್ನೂ ಹಗುರ, ಮೆದು. ತಲೆಗೆ ಹಿತ, ಆದರೆ ಒತ್ತಿದ ಕಡೆ ಇಳಿಯುವುದರಿಂದ ಮಗ್ಗುಲಾಗಿ ಮಲಗುವವರಿಗೆ ಆಸರೆ ಸಾಲದು.

ಫೈಬರ್ ದಿಂಬು ಅಗ್ಗ, ತೊಳೆಯುವುದೂ ಸುಲಭ. ಒಂದೆರಡು ವರ್ಷದಲ್ಲಿ ದೋಸೆಯಾಗುತ್ತದೆ.

ಮೆಮೊರಿ ಫೋಮ್ ಜಾಹೀರಾತಿನಲ್ಲಿ ನಾಸಾ ಹೆಸರು ಕಂಡಿರಬಹುದು. ಸುಳ್ಳಲ್ಲ. 1966ರಲ್ಲಿ ನಾಸಾಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ಮಾಡಿದ್ದು ನಿಜ. ಆದರೆ ಅದು ವಿಮಾನದ ಸೀಟಿಗೆ, ನಿಮ್ಮ ಕತ್ತುನೋವಿಗಲ್ಲ. ಮೈಬಿಸಿಗೆ ಕರಗಿದಂತೆ ತಗ್ಗಿ ತಲೆಯ ಆಕಾರ ಹಿಡಿಯುತ್ತದೆ, ಆಸರೆ ಚೆನ್ನಾಗಿರುತ್ತದೆ. ಆದರೆ ಬಿಸಿ ಹಿಡಿದಿಡುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ರಾತ್ರಿಯಲ್ಲಿ ಅದರ ಮೇಲೆ ಮಲಗುವುದು ಯೋಚಿಸಿ.

ರಬ್ಬರ್ ಹಾಲಿನಿಂದ ಮಾಡುವ ಲ್ಯಾಟೆಕ್ಸ್ ಒತ್ತಿದರೆ ಥಟ್ಟನೆ ಮೇಲೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಬೇರೆ ಬೇರೆ ದಿಂಬು ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಲ್ಯಾಟೆಕ್ಸ್ ಮುಂದಿತ್ತು, ಹಕ್ಕಿ ಗರಿ ತುಂಬಿದ್ದು ಹಿಂದೆ ಬಿತ್ತು. ಬೆಲೆ ಮಾತ್ರ ಕೈ ಕಚ್ಚುತ್ತದೆ. ನನ್ನನ್ನು ಕೇಳಿದರೆ, ಜಿಪ್ ತೆಗೆದು ಒಳಗಿನ ಪದರ ಅಥವಾ ಫೋಮ್ ಚೂರುಗಳನ್ನು ಕಡಿಮೆ ಮಾಡಬಹುದಾದ ದಿಂಬೇ ಜಾಣತನದ ಆಯ್ಕೆ.

ಅಂಗಡಿಯಲ್ಲಿ ನಾಚಿಕೆ ಬೇಡ

ಚೀಟಿಯ ಮೇಲಿನ ಎತ್ತರ ಖಾಲಿ ದಿಂಬಿನದು. ಆರು ಇಂಚಿನ ಫೈಬರ್ ದಿಂಬು ತಲೆಯಿಟ್ಟರೆ ಅರ್ಧಕ್ಕೆ ಇಳಿಯಬಹುದು. ಆದ್ದರಿಂದ ಅಲ್ಲೇ ಹಾಸಿಗೆಯ ಮೇಲೆ ಹತ್ತು ನಿಮಿಷ ಮಲಗಿ. ಅಂಗಡಿಯವರು ನಕ್ಕರೆ ನಗಲಿ. ಆನ್‌ಲೈನಿನಲ್ಲಾದರೆ ಕವರ್ ಹರಿದ ಮೇಲೂ ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಮೊದಲೇ ಓದಿಕೊಳ್ಳಿ. ನನ್ನದನ್ನು ತೆಗೆದುಕೊಳ್ಳಲಿಲ್ಲ.

ಸರ್ವೈಕಲ್ ದಿಂಬಿಗೆ ಎರಡು ಉಬ್ಬು ಇರುತ್ತವೆ, ಒಂದು ಎತ್ತರ, ಒಂದು ತಗ್ಗು. ಉಬ್ಬು ಕತ್ತಿನ ಕೆಳಗೆ ಬರಬೇಕು, ತಲೆ ನಡುವಿನ ಗುಳಿಯಲ್ಲಿ ಕೂರಬೇಕು. ಅಂಗಾತ ಮಲಗುವವರು ಮೊದಲು ತಗ್ಗಿನ ಕಡೆಯಿಂದ ಶುರು ಮಾಡಿ. ಯಾವ ದಿಂಬೇ ಆದರೂ ಭುಜವನ್ನು ಅದರ ಮೇಲೆ ಹತ್ತಿಸಬೇಡಿ. ದಿಂಬಿನ ಅಂಚು ಭುಜಕ್ಕೆ ತಾಗಿರಲಿ, ಭುಜ ಹಾಸಿಗೆ ಮೇಲಿರಲಿ. ಹೊಸದಕ್ಕೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಆದರೆ ನೋವು ದಿನೇ ದಿನೇ ಏರುತ್ತಿದ್ದರೆ ಕಾಯಬೇಡಿ, ಎತ್ತರ ಬದಲಿಸಿ.

ಪುಟ್ಟ ಮಕ್ಕಳ ತಲೆ ದುಂಡಗಾಗಲಿ ಎಂದು ರಾಗಿ ದಿಂಬು, ಸಾಸಿವೆ ದಿಂಬು ಇಡುವ ರೂಢಿ ನಮ್ಮಲ್ಲಿದೆ. ವರ್ಷ ತುಂಬುವವರೆಗೆ ಮಲಗಿದ ಮಗುವಿಗೆ ಯಾವ ದಿಂಬೂ ಬೇಡ ಎಂಬುದು ಮಕ್ಕಳ ವೈದ್ಯರ ಸಲಹೆ. ಉಸಿರು ಕಟ್ಟುವ ಭಯವಿದೆ.

ಫೈಬರ್ ದಿಂಬನ್ನು ಎರಡಾಗಿ ಮಡಚಿ ಕೈಬಿಡಿ. ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಕತೆ ಮುಗಿಯಿತು. ಹತ್ತಿಯದನ್ನು ಬಿಸಿಲಿಗೆ ಹಾಕಿ. ಫೋಮ್, ಲ್ಯಾಟೆಕ್ಸ್ ಬಿಸಿಲಿಗೆ ಹಾಳಾಗುತ್ತವೆ, ಅವಕ್ಕೆ ನೆರಳಿನ ಗಾಳಿ ಸಾಕು.

ಕೈಗೆ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡೆಯುವಾಗ ತೂರಾಡುವುದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಜ್ವರದ ಜೊತೆ ಕತ್ತು ಬಿಗಿಯುವುದು, ಇವುಗಳಲ್ಲಿ ಯಾವುದಿದ್ದರೂ ದಿಂಬು ಹುಡುಕುತ್ತಾ ಕೂರಬೇಡಿ, ತಕ್ಷಣ ಡಾಕ್ಟರ ಬಳಿ ಹೋಗಿ.