ಪ್ರಥಮ ಸೋಪಾನ, ದ್ವಿತೀಯ ಸೋಪಾನ: ಮಕ್ಕಳು ಮನೇಲೇ ಏನೇನು ಕೈಗೆ ರೂಢಿ ಮಾಡ್ಕೋಬೇಕು

ಮಗು ಸ್ಕೌಟ್ಸೋ ಗೈಡ್ಸೋ ಸೇರಿದ್ ತಕ್ಷಣ ಮನೇಲಿ ಮೊದ್ಲು ಕೇಳೋ ಪ್ರಶ್ನೆ ರಾಷ್ಟ್ರಪತಿ ಪುರಸ್ಕಾರ ಯಾವಾಗ ಸಿಗತ್ತೆ ಅಂತ. ಸ್ವಲ್ಪ ತಡೀರಿ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಹತ್ತು ವರ್ಷ ತುಂಬಿದ ಹುಡುಗ ಸ್ಕೌಟ್, ಹುಡುಗಿ ಗೈಡ್, ಅವರಿಗೆ ಮೊದ್ಲು ಪ್ರವೇಶ, ಆಮೇಲೆ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದಾದ್ಮೇಲೆ ರಾಜ್ಯಪಾಲರ ಸಹಿ ಇರೋ ರಾಜ್ಯ ಪುರಸ್ಕಾರ, ಕೊನೇಗೆ ರಾಷ್ಟ್ರಪತಿ. ಅದಕ್ಕಿಂತ ಚಿಕ್ಕೋರು ಕಬ್ ಮತ್ತು ಬುಲ್‌ಬುಲ್, ಅವರಿಗೆ ಚರಣ, ಪಂಖ್ ಅಂತ ಬೇರೆ ಮೆಟ್ಟಿಲುಗಳಿವೆ, ಅದು ಇಲ್ಲಿ ಬೇಡ. ಒಂದೊಂದು ಸೋಪಾನದ ಮಧ್ಯೆ ಇಷ್ಟು ತಿಂಗಳು ಕೆಲಸ ಮಾಡಿರ್ಲೇಬೇಕು ಅಂತ ಕನಿಷ್ಠ ಅವಧಿ ಇರತ್ತೆ, ಅದಕ್ಕೇ ಒಂಬತ್ತನೇ ಕ್ಲಾಸಲ್ಲಿ ಸೇರ್ಸಿ ಎಸ್ಸೆಸ್ಸೆಲ್ಸಿ ಒಳಗೆ ಎಲ್ಲಾ ಮುಗಿಸ್ಬೇಕು ಅಂದ್ರೆ ಆಗಲ್ಲ. ಐದು ಅಥವಾ ಆರನೇ ಕ್ಲಾಸಲ್ಲಿ ಶುರು ಮಾಡಿದ್ರೆ ಮಗು ಆರಾಮಾಗಿ ಹತ್ತತ್ತೆ.

ಪ್ರವೇಶ ಸುಲಭ. ಪ್ರತಿಜ್ಞೆ, 9 ಸ್ಕೌಟ್ ನಿಯಮ, ಧ್ಯೇಯವಾಕ್ಯ, ಮೂರು ಬೆರಳಿನ ಸೆಲ್ಯೂಟ್, ಎಡಗೈ ಹ್ಯಾಂಡ್‌ಶೇಕ್, ಪ್ರಾರ್ಥನೆ, ಧ್ವಜಗೀತೆ, ರಾಷ್ಟ್ರಗೀತೆ, ಯೂನಿಫಾರ್ಮ್ ಹಾಕ್ಕೊಳ್ಳೋದು, ದಿನಾ ಒಂದು ಒಳ್ಳೆ ಕೆಲಸ. ಸ್ವಲ್ಪ ಇತಿಹಾಸಾನೂ ಕೇಳ್ತಾರೆ: 1907ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮಾಡಿದ ಮೊದಲ ಕ್ಯಾಂಪು, 1909ರಲ್ಲಿ ನಮ್ಮ ಬೆಂಗಳೂರಲ್ಲೇ ಕ್ಯಾಪ್ಟನ್ ಟಿ.ಎಚ್. ಬೇಕರ್ ಶುರು ಮಾಡಿದ ಭಾರತದ ಮೊದಲ ಟ್ರೂಪು (ಆಗ ಅದು ಬ್ರಿಟಿಷರ ಮಕ್ಕಳಿಗೆ ಮಾತ್ರ), ಆನಿ ಬೆಸೆಂಟ್ ಭಾರತೀಯ ಮಕ್ಕಳಿಗಂತ ಬೇರೆ ಸಂಘ ಕಟ್ಟಿದ್ದು, 1950ರ ನವೆಂಬರ್ 7ಕ್ಕೆ ಬೇರೆ ಬೇರೆ ಸಂಘಗಳು ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಗಿದ್ದು. ಇಷ್ಟನ್ನ ಕಥೆ ಥರ ಹೇಳ್ಕೊಟ್ರೆ ಮಕ್ಕಳು ಮರೆಯಲ್ಲ, ಉರು ಹೊಡ್ಸೋ ಅಗತ್ಯ ಇಲ್ಲ.

ತೊಂದ್ರೆ ಶುರುವಾಗೋದು ಪ್ರಥಮ ಸೋಪಾನದಿಂದ, ಯಾಕಂದ್ರೆ ಅಲ್ಲಿಂದ ಎಲ್ಲಾ ಕೈಕೆಲ್ಸ. ಎಷ್ಟೋ ಕಡೆ ಮಕ್ಕಳು ಗಂಟಿನ ಚಿತ್ರ ಸ್ಕೆಚ್ ಪೆನ್ನಲ್ಲಿ ಚೆನ್ನಾಗಿ ಬರೆದು ಬಣ್ಣ ತುಂಬಿರ್ತಾರೆ, ಕೈಗೆ ಹಗ್ಗ ಕೊಟ್ರೆ ಮುಖ ಮುಖ ನೋಡ್ತಾರೆ. ಟೆಸ್ಟ್‌ನಲ್ಲಿ ಹಗ್ಗಾನೇ ಕೊಡೋದು ಸ್ವಾಮಿ. ಹಾಗಾಗಿ ಮನೇಲಿ ಏನಾದ್ರೂ ಸಹಾಯ ಮಾಡೋದಾದ್ರೆ ನೋಟ್ಸ್ ಬರ್ಕೊಡೋದ್ ಬಿಟ್ಟು ಮಗೂಗೆ ಕೆಲಸ ಕೊಡಿ.

ಮೊದ್ಲು ಗಂಟುಗಳು. ಅಂಗಡೀಲಿ ಸಿಗೋ ಬಣ್ಣದ ನೈಲಾನ್ ಹಗ್ಗ ಬೇಡ, ಅದು ಜಾರತ್ತೆ, ಗಂಟು ಸರಿಯಾಗಿದ್ರೂ ಬಿಚ್ಚಿಕೊಂಡು ಮಗು ಕನ್ಫ್ಯೂಸ್ ಆಗತ್ತೆ. ಹೆಬ್ಬೆರಳಿಗಿಂತ ಸಣ್ಣ ದಪ್ಪದ ಹತ್ತಿ ಹಗ್ಗ, ಮಗು ಎತ್ತರಕ್ಕಿಂತ ಸ್ವಲ್ಪ ಉದ್ದ ಇರೋದು ಎರಡು ತಗೊಳ್ಳಿ, ತುದಿಗೆ ದಾರ ಸುತ್ತಿ ಬಿಗಿ ಮಾಡ್ಸಿ, ಯಾಕಂದ್ರೆ ಆ ಸುತ್ತೋದೂ ಕಲಿಯೋ ಪಾಠದಲ್ಲೇ ಬರತ್ತೆ, ವಿಪ್ಪಿಂಗ್ ಅಂತಾರೆ.

ರೀಫ್ ನಾಟ್: ಬಲಗೈ ತುದಿ ಎಡದ ಮೇಲೆ ಹಾಕಿ ಒಂದು ಸುತ್ತು, ಆಮೇಲೆ ಅದೇ ತುದಿ ಈಗ ಎಡಗಡೆ ಬಂದಿರತ್ತಲ್ಲ, ಅದನ್ನ ಬಲದ ಮೇಲೆ ಹಾಕಿ ಇನ್ನೊಂದು ಸುತ್ತು. ಸರಿಯಾಗಿದ್ರೆ ಗಂಟು ಚಪ್ಪಟೆಯಾಗಿ ಮಲಗತ್ತೆ, ಎರಡು ತುದೀನೂ ಅದರದರ ಹಗ್ಗದ ಪಕ್ಕದಲ್ಲೇ ಇರತ್ತೆ. ತುದಿಗಳು ಅಡ್ಡಡ್ಡ ನಿಂತ್ರೆ ಎರಡು ಸಲಾನೂ ಒಂದೇ ಕಡೆ ಸುತ್ತಿದೀರಿ ಅಂತ ಅರ್ಥ, ಅದು ಜಾರತ್ತೆ, ಬಿಚ್ಚಿ ಮತ್ತೆ ಹಾಕಿ. ಬ್ಯಾಂಡೇಜ್ ಕಟ್ಟೋಕೆ ಇದೇ ಗಂಟು, ಮೈಗೆ ಒತ್ತಲ್ಲ. ಆದ್ರೆ ಎರಡು ಹಗ್ಗ ಸೇರ್ಸಿ ಭಾರ ಎಳೆಯೋಕೆ ಇದನ್ನ ನಂಬ್ಬೇಡಿ ಅಂತ ಮಗೂಗೆ ಹೇಳಿ, ಪರೀಕ್ಷಕರು ಬೇಕಂತಲೇ ಅದನ್ನ ಕೇಳ್ತಾರೆ.

ಕ್ಲೋವ್ ಹಿಚ್ ಕಲಿಯೋಕೆ ಬಟ್ಟೆ ಒಣಗ್ಸೋ ಹಗ್ಗ ಕಟ್ಟೋ ಕಂಬ ಸಾಕು. ಕಂಬಕ್ಕೆ ಒಂದು ಸುತ್ತು, ಅದನ್ನ ದಾಟ್ಕೊಂಡು ಮೇಲೆ ಇನ್ನೊಂದು ಸುತ್ತು, ತುದೀನ ಆ ಎರಡನೇ ಸುತ್ತಿನ ಕೆಳಗೇ ತೂರ್ಸಿ ಎಳೀರಿ. ಶೀಟ್ ಬೆಂಡ್ ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರ್ಸೋಕೆ: ದಪ್ಪದ್ದನ್ನ ಮಡಚಿ ಕುಣಿಕೆ ಮಾಡಿ, ತೆಳುವಿನದನ್ನ ಕೆಳಗಿಂದ ಕುಣಿಕೆ ಒಳಗೆ ತಂದು, ಕುತ್ತಿಗೆ ಸುತ್ತ ತಿರುಗ್ಸಿ, ತನ್ನದೇ ಎಳೆ ಕೆಳಗೆ ತೂರ್ಸೋದು. ದುಪಟ್ಟಾ ತುದಿಗೆ ಸೆಣಬಿನ ಹಗ್ಗ ಕಟ್ಟಿ ನೋಡಿ, ದಪ್ಪ ತೆಳು ವ್ಯತ್ಯಾಸ ಆಗ ಚೆನ್ನಾಗಿ ಅರ್ಥ ಆಗತ್ತೆ. ಬೋಲೈನ್ ಬೇರೆ ಥರ, ಅದರ ಕುಣಿಕೆ ಎಳೆದಷ್ಟೂ ಬಿಗಿಯಾಗಲ್ಲ, ಅದಕ್ಕೇ ಮನುಷ್ಯರನ್ನ ಮೇಲೆತ್ತೋಕೆ ಬಳಸೋದು. ಹಾಗಾಗಿ ಅದನ್ನ ಟೇಬಲ್ ಮೇಲೆ ಹಗ್ಗ ಇಟ್ಕೊಂಡು ಕಲೀಬಾರದು, ತನ್ನ ಸೊಂಟಕ್ಕೇ ಹಾಕ್ಕೊಂಡು ಕಲೀಬೇಕು, ಆಮೇಲೆ ಕಣ್ಣು ಮುಚ್ಕೊಂಡು. ಕಣ್ಣು ಮುಚ್ಚಿ ಬಂತು ಅಂದ್ರೆ ಬಂತು.

ದ್ವಿತೀಯ ಸೋಪಾನಕ್ಕೆ ಬಂದ್ರೆ ಲ್ಯಾಶಿಂಗ್, ಅಂದ್ರೆ ಎರಡು ಕೋಲು ಸೇರ್ಸಿ ಕಟ್ಟೋದು. ಸ್ಕ್ವೇರ್ ಲ್ಯಾಶಿಂಗ್ ಶುರುವಾಗೋದು ನಿಂತ ಕೋಲಿಗೆ, ಅಡ್ಡ ಕೋಲಿನ ಕೆಳಗೆ ಹಾಕೋ ಕ್ಲೋವ್ ಹಿಚ್‌ನಿಂದ, ಆಮೇಲೆ ಎರಡೂ ಕೋಲಿನ ಹಿಂದೆ ಮುಂದೆ ಮೂರು ಸುತ್ತು, ಆಮೇಲೆ ಕೋಲುಗಳ ಮಧ್ಯೆ ಬಿಗಿ ಸುತ್ತು ಎರಡು, ಕೊನೇಗೆ ಅಡ್ಡ ಕೋಲಿಗೆ ಇನ್ನೊಂದು ಕ್ಲೋವ್ ಹಿಚ್. ಬಿಗಿ ಬರೋದು ಮಧ್ಯದ ಆ ಎರಡು ಸುತ್ತಲ್ಲೇ, ಮಕ್ಕಳು ಅಲ್ಲೇ ಸೋಮಾರಿತನ ಮಾಡೋದು. ಬಿದಿರು ಗಳ ಸಿಕ್ರೆ ಚಪ್ಪಲಿ ಸ್ಟ್ಯಾಂಡ್ ಮಾಡ್ಸಿ, ವಾರ ಪೂರ್ತಿ ಚಪ್ಪಲಿ ಇಟ್ರೂ ಅಲ್ಲಾಡದೇ ನಿಂತ್ರೆ ಲ್ಯಾಶಿಂಗ್ ಬಂದಿದೆ.

ಫಸ್ಟ್ ಏಡ್‌ನಲ್ಲಿ ಮನೆಯವರೇ ಮೊದ್ಲು ಬದಲಾಗ್ಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಕೊಯ್ದ ಗಾಯಕ್ಕೆ ಕಾಫಿ ಪುಡಿ ಹಚ್ಚೋದನ್ನ ಮಗು ಮನೇಲಿ ನೋಡಿರತ್ತೆ, ಕ್ಯಾಂಪಲ್ಲೂ ಅದನ್ನೇ ಹೇಳತ್ತೆ. ಸುಟ್ರೆ ಹರಿಯೋ ತಣ್ಣೀರಲ್ಲಿ 20 ನಿಮಿಷ ಹಿಡೀಬೇಕು, ಗುಳ್ಳೆ ಒಡೀಬಾರದು. ಮೂಗಲ್ಲಿ ರಕ್ತ ಬಂದ್ರೆ ತಲೆ ಹಿಂದಕ್ಕೆ ಬಗ್ಗಿಸ್ಬೇಡಿ, ಮುಂದಕ್ಕೆ ಬಗ್ಗಿ ಮೂಗಿನ ಮೆತ್ತಗಿನ ಭಾಗ ಹತ್ತು ನಿಮಿಷ ಒತ್ತಿ ಹಿಡೀಬೇಕು, ಬಾಯಲ್ಲಿ ಉಸಿರಾಡ್ಬೇಕು. ಹಾವು ಕಡಿದ್ರೆ ಬ್ಲೇಡಲ್ಲಿ ಕೊಯ್ಯೋದು, ಬಾಯಲ್ಲಿ ಹೀರೋದು, ಹಗ್ಗ ಬಿಗಿದು ಕಟ್ಟೋದು ಯಾವುದೂ ಬೇಡ, ಕಡಿದ ಕಾಲು ಅಥವಾ ಕೈ ಅಲ್ಲಾಡದ ಹಾಗೆ ಇಟ್ಟು ಸೀದಾ ಆಸ್ಪತ್ರೆಗೆ. ತ್ರಿಕೋನ ಬ್ಯಾಂಡೇಜು ಹಳೇ ಕಾಟನ್ ಪಂಚೆ ಅಥವಾ ಬೆಡ್‌ಶೀಟಲ್ಲಿ ಕತ್ತರಿಸ್ಕೋಬಹುದು, ಸ್ಕೌಟ್ ಸ್ಕಾರ್ಫೂ ತ್ರಿಕೋನಾನೇ, ಅದನ್ನೂ ಬಳಸ್ಬಹುದು. ಆರ್ಮ್ ಸ್ಲಿಂಗ್ ಹಾಕುವಾಗ ಕೈ ಬೆರಳು ಮೊಣಕೈಗಿಂತ ಸ್ವಲ್ಪ ಮೇಲಿರ್ಲಿ, ಗಂಟು ಕುತ್ತಿಗೆ ಹಿಂದೆ ಮಧ್ಯಕ್ಕೆ ಬರದೇ ಪಕ್ಕಕ್ಕೆ ಇರ್ಲಿ, ಮೂಳೆ ಮೇಲೆ ಬಂದ್ರೆ ಒತ್ತತ್ತೆ. ತಮ್ಮನಿಗೋ ತಂಗಿಗೋ ಕಟ್ಟಿ ಅಭ್ಯಾಸ ಮಾಡ್ಲಿ, ಅವರು ಅಲ್ಲಾಡದೇ ಕೂರಲ್ಲ, ಒಳ್ಳೇದೇ ಆಯ್ತು, ನಿಜವಾಗಿ ಏಟಾದೋರೂ ಅಲ್ಲಾಡದೇ ಕೂರಲ್ಲ.

ಇನ್ನು ಬೆಂಕಿ. ದ್ವಿತೀಯ ಸೋಪಾನದಲ್ಲಿ ಬಯಲಲ್ಲಿ ಸೌದೆ ಒಲೆ ಹೂಡಿ ಎರಡು ಬೆಂಕಿಕಡ್ಡಿ ಒಳಗೆ ಹೊತ್ತಿಸಿ ಇಬ್ಬರಿಗಾಗೋಷ್ಟು ಸರಳ ಅಡುಗೆ ಮಾಡ್ಬೇಕು. ಗ್ಯಾಸ್ ಒಲೆ ಬಿಟ್ಟು ಬೇರೆ ನೋಡಿರದ ಸಿಟಿ ಮಕ್ಕಳಿಗೆ ಇದೇ ದೊಡ್ಡ ಪರೀಕ್ಷೆ. ಸೀಮೆಎಣ್ಣೆ, ಪ್ಲಾಸ್ಟಿಕ್ಕು, ಪೇಪರ್ರು ಏನೂ ಇಲ್ಲ ಅಂದ್ಕೊಂಡೇ ಕಲೀಬೇಕು. ಗುಟ್ಟು ಕಡ್ಡಿ ಗೀರೋದ್ರಲ್ಲಿಲ್ಲ, ಗೀರೋಕೆ ಮುಂಚೆ ಏನು ಜೋಡ್ಸಿದೀರಿ ಅನ್ನೋದ್ರಲ್ಲಿದೆ. ಮೂರು ಗುಡ್ಡೆ ಮಾಡ್ಸಿ: ಒಂದು ತೆಂಗಿನ ನಾರು, ಒಣಗಿದ ಗರಿ, ಹುಲ್ಲು, ಎರಡನೇದು ಪೆನ್ಸಿಲ್‌ಗಿಂತ ಸಣ್ಣ ಪುಳ್ಳೆ, ಕೈಯಲ್ಲಿ ಮುರಿದ್ರೆ ಟಕ್ ಅಂತ ಸದ್ದು ಬರ್ಬೇಕು, ಬಗ್ಗಿದ್ರೆ ಅದು ಹಸಿ, ಬಿಸಾಕಿ, ಮೂರನೇದು ಹೆಬ್ಬೆರಳು ದಪ್ಪದ ಸೌದೆ, ಕರಟ. ನಾರಿನ ಮೇಲೆ ಪುಳ್ಳೆ ಗೋಪುರದ ಹಾಗೆ ನಿಲ್ಸಿ, ಗಾಳಿ ಬರೋ ಕಡೆ ಬಾಗಿಲು ಬಿಡಿ, ಗಾಳಿಗೆ ಬೆನ್ನು ಕೊಟ್ಟು ಕೂತು ಆ ಬಾಗಿಲಲ್ಲೇ ಕೆಳಗೆ ಹೊತ್ತಿಸ್ಬೇಕು. ಉರಿ ಎದ್ದ ತಕ್ಷಣ ದೊಡ್ಡ ಸೌದೆ ತುರುಕಿದ್ರೆ ಬರೀ ಹೊಗೆ, ಎಲ್ಲರ ಕಣ್ಣಲ್ಲೂ ನೀರು. ಮಳೆಗಾಲದಲ್ಲಿ ಮಲೆನಾಡು ಕಡೆಯೋರು ಅಡಿಕೆ ಸೋಗೆ, ಸಿಪ್ಪೆ ಒಣಗಿಸಿಟ್ಕೊಂಡು ಚೀಲದಲ್ಲಿ ಒಯ್ಯೋದು ಒಳ್ಳೇದು. ದೊಡ್ಡೋರೊಬ್ರು ಪಕ್ಕದಲ್ಲಿರ್ಲಿ, ಒಂದು ಬಕೆಟ್ ನೀರು ಇರ್ಲಿ, ನೈಲಾನ್ ಬಟ್ಟೆ ಬೇಡ, ಗೈಡ್ಸ್ ಜಡೆ ಹಿಂದಕ್ಕೆ ಕಟ್ಕೊಂಡಿರ್ಲಿ.

ಅಡುಗೆಗೆ ಪಲಾವ್, ಪನ್ನೀರ್ ಅಂತೆಲ್ಲಾ ಹೋಗ್ಬೇಡಿ. ಅನ್ನ ಮತ್ತೆ ಬೇಳೆಸಾರು, ಇಲ್ಲಾ ಉಪ್ಪಿಟ್ಟು ಮತ್ತೆ ಟೀ. ಕುಕ್ಕರ್ ಇರಲ್ಲ, ಹಾಗಾಗಿ ಬೇಳೆ ಹಿಂದೇನೇ ನೆನೆಹಾಕಿರ್ಬೇಕು, ತೊಗರಿಬೇಳೆ ಬೇಯೋಕೆ ಹೊತ್ತಾಗತ್ತೆ ಅಂದ್ರೆ ಹೆಸರುಬೇಳೆ ತಗೊಳ್ಳಿ. ಪಾತ್ರೆ ಹೊರಗಡೆ ತಳಕ್ಕೆ ಮೊದ್ಲೇ ತೆಳ್ಳಗೆ ಕೆಸರು ಬಳಿದಿಟ್ರೆ ಮಸಿ ತೊಳೆಯೋಕೆ ಸುಲಭ, ಅಜ್ಜಿಯಂದ್ರಿಗೆ ಇದು ಗೊತ್ತು, ಅವರನ್ನ ಕೇಳಿ. ಮುಗಿದ್ಮೇಲೆ ಬೆಂಕಿ ಆರ್ಸಿ, ಬೂದಿ ಮೇಲೆ ನೀರು ಹಾಕಿ, ಮಣ್ಣು ಮುಚ್ಚಿ, ಅಲ್ಲಿ ಒಲೆ ಇತ್ತು ಅಂತ ಗೊತ್ತಾಗದ ಹಾಗೆ ಮಾಡ್ಬೇಕು. ಎಷ್ಟೋ ಮಕ್ಕಳು ಅಡುಗೆ ಚೆನ್ನಾಗಿ ಮಾಡಿ ಇಲ್ಲಿ ಮಾರ್ಕ್ಸ್ ಕಳ್ಕೋತಾರೆ.

ದಿಕ್ಸೂಚೀಲಿ 16 ದಿಕ್ಕು ಹೇಳ್ಬೇಕು. ನಮ್ಮ ಮಕ್ಕಳಿಗೆ ಇದರಲ್ಲಿ ಅರ್ಧ ಕೆಲಸ ಮನೇಲೇ ಆಗಿರತ್ತೆ, ದೇವರ ಮನೆ ಈಶಾನ್ಯ, ಅಡುಗೆಮನೆ ಆಗ್ನೇಯ ಅಂತ ವಾಸ್ತು ಮಾತಾಡದ ಮನೆ ಎಲ್ಲಿದೆ ಹೇಳಿ. ಆ ಎಂಟು ಬಂದ್ರೆ ಮಿಕ್ಕ ಎಂಟು ಅದರ ಮಧ್ಯದ್ದು: ಉತ್ತರಕ್ಕೂ ಈಶಾನ್ಯಕ್ಕೂ ನಡುವೆ ಉತ್ತರ-ಈಶಾನ್ಯ, ಹಾಗೇ ಮುಂದಕ್ಕೆ. ಮರದ ಎತ್ತರ ಅಂದಾಜು ಮಾಡೋಕೆ ನೆರಳು ಸಾಕು: ಒಂದು ಮೀಟರ್ ಕೋಲು ನಿಲ್ಸಿ, ಅದರ ನೆರಳು 60 ಸೆಂಟಿಮೀಟರ್ ಇದ್ದು ಅದೇ ಹೊತ್ತಿಗೆ ತೆಂಗಿನ ಮರದ ನೆರಳು 6 ಮೀಟರ್ ಇದ್ರೆ ಮರ 10 ಮೀಟರ್. ಬಿಸಿಲಿಲ್ಲದ ದಿನ ಇದು ನಡಿಯಲ್ಲ, ಅದಕ್ಕೆ ಬೇರೆ ವಿಧಾನ ಸ್ಕೌಟ್ ಮಾಸ್ಟರ್ ಹತ್ರ ಕೇಳಿ ಕಲೀಲಿ.

ಸೀಟಿ ಸಂಕೇತ, ದಾರಿ ಗುರುತು ಇವೆಲ್ಲಾ ಆಟದಲ್ಲೇ ಬರತ್ತೆ. ಒಂದು ಉದ್ದ ಸೀಟಿ ಅಂದ್ರೆ ಸುಮ್ನಿರಿ, ಗಮನ ಕೊಡಿ. ಗಿಡ್ಡ ಗಿಡ್ಡ ಸೀಟಿ ಒಂದೇ ಸಮ ಬಂದ್ರೆ ಓಡಿ ಬಂದು ಸೇರಿ. ಮೂರು ಗಿಡ್ಡ ಒಂದು ಉದ್ದ ಅಂದ್ರೆ ಪ್ಯಾಟ್ರೋಲ್ (ಮಕ್ಕಳ ಸಣ್ಣ ಗುಂಪು) ಲೀಡರ್‌ಗಳು ಮಾತ್ರ ಬನ್ನಿ. ದಾರೀಲಿ ಗುಣಿಸು ಚಿಹ್ನೆ ಇದ್ರೆ ಈ ಕಡೆ ಬೇಡ, ವೃತ್ತದ ಮಧ್ಯೆ ಚುಕ್ಕೆ ಇದ್ರೆ ನಾನು ಮನೆಗೆ ಹೋದೆ ಅಂತ ಅರ್ಥ. ಇನ್ನು ಕಿಮ್ಸ್ ಗೇಮ್: ಮೊರದಲ್ಲಿ 24 ಸಾಮಾನು ಇಟ್ಟು, ಒಂದು ನಿಮಿಷ ತೋರ್ಸಿ, ಬಟ್ಟೆ ಮುಚ್ಚಿ, 16 ಆದ್ರೂ ಬರೀಲಿ. ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲಾ ಆಡಿ, ದೊಡ್ಡೋರು ಸೋಲ್ತಾರೆ.

ಇದೆಲ್ಲದಕ್ಕಿಂತ ಜಾಸ್ತಿ ಮಕ್ಕಳು ಸಿಕ್ಕಿ ಹಾಕ್ಕೊಳ್ಳೋದು ಲಾಗ್ ಬುಕ್ಕಲ್ಲಿ. ಟೆಸ್ಟ್ ಹತ್ರ ಬಂದಾಗ ಅಮ್ಮ ಅಪ್ಪ ಕೂತು ಒಂದೇ ಪೆನ್ನಲ್ಲಿ ಒಂದೇ ರಾತ್ರಿ ಎರಡು ವರ್ಷದ ಡೈರಿ ಬರೆಯೋದಿದೆಯಲ್ಲ, ಅದು ನೋಡೋರಿಗೆ ಒಂದೇ ಕ್ಷಣದಲ್ಲಿ ಗೊತ್ತಾಗತ್ತೆ. ಆಗಾಗಿಂದಾಗ್ಗೆ ಮಗೂನೇ ಬರೀಲಿ, ಅಕ್ಷರ ಸೊಟ್ಟಗಿದ್ರೂ ಪರವಾಗಿಲ್ಲ. "ಇವತ್ತು ಶಾಲೆ ಹಿಂದಿನ ಗಿಡಗಳಿಗೆ ಪಾತಿ ಮಾಡಿದ್ವಿ, ನಾನು ಮತ್ತು ನವಿಲು ಪ್ಯಾಟ್ರೋಲ್‌ನ ಮೂವರು, ಗುದ್ದಲಿ ಒಂದೇ ಇತ್ತು, ಸರದಿ ಮೇಲೆ ಅಗೆದ್ವಿ, ಮಧ್ಯೆ ಮಳೆ ಬಂತು" ಅಂತ ಇದ್ರೆ ಸಾಕು. ತಾರೀಕು, ಜಾಗ, ಯಾರ್ಯಾರಿದ್ರು, ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್ ಸಹಿ. ಸಹಿ ಅವತ್ತೇ ಹಾಕಿಸ್ಕೊಳ್ಳಿ, ಟೀಚರ್ ಟ್ರಾನ್ಸ್‌ಫರ್ ಆದ್ರೆ ಆಮೇಲೆ ಅಲೀಬೇಕಾಗತ್ತೆ. ಸೇವೆ ಅಂದ ತಕ್ಷಣ ಬ್ಯಾನರ್ ಹಿಡ್ಕೊಂಡ ಗ್ರೂಪ್ ಫೋಟೋನೇ ಬೇಕು ಅಂತಿಲ್ಲ, ಜಾತ್ರೇಲಿ ನೀರು ಕೊಟ್ಟಿದ್ದು, ಪೋಲಿಯೋ ಬೂತಲ್ಲಿ ಸಾಲು ನಿಲ್ಲಿಸಿದ್ದು ಎಲ್ಲಾ ಸೇವೇನೇ.

ಪ್ರಾವೀಣ್ಯ ಬ್ಯಾಡ್ಜ್ ಆರಿಸೋವಾಗ ಮಗೂಗೆ ಆಗಲೇ ಬರೋದ್ರಿಂದ ಶುರು ಮಾಡಿ, ಅಡುಗೆ ಇಷ್ಟ ಇರೋಳಿಗೆ ಕುಕ್, ಸೈಕಲ್ ಹುಚ್ಚು ಇರೋನಿಗೆ ಸೈಕ್ಲಿಸ್ಟ್. ಈಜು ಮಾತ್ರ ಬೇಗ ಶುರು ಮಾಡ್ಸಿ, ತೃತೀಯ ಸೋಪಾನದ ಹೊತ್ತಿಗೆ ಅದರ ಮಾತು ಬರತ್ತೆ, ಆಗ ಒಂದು ವಾರದಲ್ಲಿ ಕಲಿಸೋಕಾಗಲ್ಲ.

ದೊಡ್ಡಬಳ್ಳಾಪುರದಲ್ಲಿ, ದಾವಣಗೆರೆ ಹತ್ರ ಕೊಂಡಜ್ಜೀಲಿ ಸ್ಕೌಟ್ಸ್ ತರಬೇತಿ ಕೇಂದ್ರಗಳಿವೆ, ಮುಂದೆ ಮಗು ಇಂಥ ಕಡೆ ಕ್ಯಾಂಪಿಗೆ ಹೋಗ್ಬೇಕಾಗತ್ತೆ. ಹೋಗೋ ಮುಂಚೆ ತನ್ನ ಬಟ್ಟೆ ತಾನೇ ಒಗೆದು, ಹಾಸಿಗೆ ತಾನೇ ಮಡಚಿ, ಬ್ಯಾಗ್ ತಾನೇ ತುಂಬೋದು ಬಂದಿರ್ಬೇಕು. ಬ್ಯಾಗ್ ತುಂಬುವಾಗ ಎರಡು ಹಗ್ಗ, ಟಾರ್ಚು, ತಟ್ಟೆ ಲೋಟ, ಸೂಜಿ ದಾರ, ಒಂದು ಜೊತೆ ಎಕ್ಸ್‌ಟ್ರಾ ಸಾಕ್ಸು, ಸ್ಕಾರ್ಫ್‌ಗೆ ಹಾಕೋ ವಾಗಲ್ ಇದೆಯಾ ನೋಡ್ಕೊಳ್ಳಿ, ವಾಗಲ್ ಮರೆತು ಬಂದೋರು ಪ್ರತಿ ಕ್ಯಾಂಪಲ್ಲೂ ಇಬ್ರು ಮೂರು ಜನ ಇದ್ದೇ ಇರ್ತಾರೆ. ಲಾಗ್ ಬುಕ್ ಮಾತ್ರ ಬಟ್ಟೆ ಬ್ಯಾಗಲ್ಲಿ ಬೇಡ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕೈಯಲ್ಲೇ ಇಟ್ಕೊಳ್ಳೋಕೆ ಹೇಳಿ.