ನಮ್ಮ ರೇಡಿಯೋ ಕಂಬ ಮೆಕ್ಕೆಜೋಳದ ಹೊಲದಲ್ಲಿ ನಿಂತಿತ್ತು: ಸಮುದಾಯ ಬಾನುಲಿಗೆ ಅರ್ಜಿ ಹಾಕಿದ ನನ್ನ ಅನುಭವ

ರೇಡಿಯೋ ಶುರು ಮಾಡೋಣ ಅಂತ ನಮ್ಮ ಟ್ರಸ್ಟಿನ ಸಭೆಯಲ್ಲಿ ಮಾತು ಬಂದಾಗ ಎಲ್ಲರ ಕಣ್ಣೂ ಮೈಕು, ಮಿಕ್ಸರುಗಳ ಮೇಲೆ. ಒಬ್ಬರಂತೂ ಮುಂದಿನ ವಾರವೇ ಕೊಟೇಶನ್ ತರಿಸಿಬಿಟ್ಟರು. ಅರ್ಜಿಯ ಕೆಲಸ ಮಾತ್ರ ಯಾರಿಗೂ ಬೇಡವಾಗಿ ನನ್ನ ತಲೆಗೆ ಬಂತು. ಕಾರಣ ಇಷ್ಟೇ: ಕಡತಗಳಿರುವ ಬೀರುವಿನ ಬೀಗದಕೈ ನನ್ನ ಹತ್ತಿರ ಇತ್ತು. ಆಮೇಲೆ ನೋಡಿದರೆ ಅರ್ಜಿಗೆ ಬೇಕಾದ ಮುಕ್ಕಾಲು ಪಾಲು ಸಾಮಗ್ರಿ ಆ ಬೀರುವಿನಲ್ಲೇ ಇತ್ತು.

ಮೊದಲು ತಿಳಿದುಕೊಳ್ಳಬೇಕಾದ್ದು ನಮಗೆ ಯಾವ ಬಾಗಿಲು ತೆರೆದಿದೆ ಅನ್ನೋದು. ಖಾಸಗಿ ಎಫ್‌ಎಂ ಬೇಕೆಂದರೆ ಹರಾಜಿನಲ್ಲಿ ಕೂಗಬೇಕು. ಟಿವಿ ಚಾನೆಲ್ ಎಂದರೆ ಸುದ್ದಿಯಿಲ್ಲದ ಚಾನೆಲ್ಲಿಗೇ ಕಂಪನಿಯ ನಿವ್ವಳ ಮೌಲ್ಯ 5 ಕೋಟಿ ರೂಪಾಯಿ, ಸುದ್ದಿ ಚಾನೆಲ್ಲಿಗೆ 20 ಕೋಟಿ ಇರಬೇಕು. ನಮ್ಮಂಥವರಿಗೆ ಉಳಿದದ್ದು ಸಮುದಾಯ ಬಾನುಲಿ, ಅಂದರೆ ಊರಿನವರೇ ನಡೆಸುವ ಸಣ್ಣ ರೇಡಿಯೋ ಒಂದೇ. ಅದೂ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಸಿಕ್ಕಿತ್ತು, ಸ್ವಯಂಸೇವಾ ಸಂಸ್ಥೆಗಳಿಗೆ ಅವಕಾಶವಾದದ್ದು 2006ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯವರು ಗಾಳಿಯಲ್ಲಿ ಬಿಡಲು ಅನುಮತಿ ಇಲ್ಲದೆ ಕೇಬಲ್ ತಂತಿಯಲ್ಲೇ 'ನಮ್ಮ ಧ್ವನಿ'ಯನ್ನು ಮನೆಮನೆಗೆ ಮುಟ್ಟಿಸಿದ್ದರು. ಅವರ ಕಾಲಕ್ಕೆ ಹೋಲಿಸಿದರೆ ನಮ್ಮದು ಪುಣ್ಯ.

ಒಬ್ಬ ವ್ಯಕ್ತಿ ತನ್ನ ಹೆಸರಲ್ಲಿ ಅರ್ಜಿ ಹಾಕುವಂತಿಲ್ಲ. ರಾಜಕೀಯ ಪಕ್ಷಗಳಿಗೂ ಲಾಭಕ್ಕಾಗಿ ನಡೆಯುವ ಕಂಪನಿಗಳಿಗೂ ಇಲ್ಲ. ನೋಂದಣಿಯಾದ ಸಂಸ್ಥೆ ಬೇಕು, ಅದು ಆ ಪ್ರದೇಶದ ಜನರ ನಡುವೆ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು. ನಾವು ಒಂಬತ್ತು ವರ್ಷ ದುಡಿದಿದ್ದೆವು, ಆದರೆ ಅದನ್ನು ಕಾಗದದಲ್ಲಿ ತೋರಿಸಲು ಹೊರಟಾಗ ಬೆವರು ಬಂತು. ಆರೋಗ್ಯ ಶಿಬಿರದ ಫೋಟೋಗಳಿದ್ದವು, ಹಿಂದೆ ತಾರೀಖು ಬರೆದಿರಲಿಲ್ಲ. ಕೆರೆ ಹೂಳೆತ್ತಿದ ಕೆಲಸ ಊರಿಗೆಲ್ಲ ಗೊತ್ತು, ವಾರ್ಷಿಕ ವರದಿಯಲ್ಲಿ ಅದಕ್ಕೆ ಒಂದೂವರೆ ಸಾಲು. ಆಡಿಟ್ ವರದಿ ಸರಿಯಾಗಿದ್ದದ್ದೇ ನಮ್ಮನ್ನು ಉಳಿಸಿತು.

ಎರಡನೇ ತಲೆನೋವು ಇನಿಷಿಯಲ್ಲಿನದು. ಅರ್ಜಿ ಹಾಕುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ, ಆದರೆ ಅದು ಗೃಹ ಸಚಿವಾಲಯದ ಪರಿಶೀಲನೆಗೂ ಹೋಗುತ್ತದೆ, ಹಾಗಾಗಿ ಟ್ರಸ್ಟಿಗಳೆಲ್ಲರ ವಿವರ ಕೊಡಬೇಕು. ನಮ್ಮ ಖಜಾಂಚಿಯವರ ಹೆಸರು ಟ್ರಸ್ಟ್ ಡೀಡಿನಲ್ಲಿ ಎರಡು ಇನಿಷಿಯಲ್ ಮುಂದಿಟ್ಟುಕೊಂಡಿದೆ, ಆಧಾರಿನಲ್ಲಿ ಒಂದೇ ಇನಿಷಿಯಲ್ಲು, ಅದೂ ಹಿಂದೆ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಬಿಡಿಸಿ ಬರೆದು ಮೂರನೇ ಮನುಷ್ಯನನ್ನೇ ಹುಟ್ಟಿಸಿದ್ದಾರೆ. ಮೂವರೂ ಒಬ್ಬರೇ ಅಂತ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದೆವು. ಅರ್ಜಿ ಹಾಕುವವರಿಗೆ ನಾನು ಮೊದಲು ಹೇಳುವ ಮಾತು ಇದೇ, ಎಲ್ಲ ಟ್ರಸ್ಟಿಗಳ ಕಾರ್ಡುಗಳನ್ನು ಒಂದೇ ಮೇಜಿನ ಮೇಲೆ ಹರಡಿ ನೋಡಿ.

ವಾರ್ತಾ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಹೋಗುವಾಗ ನಾನು ಟ್ರಾನ್ಸ್‌ಮಿಟರ್ ಬಗ್ಗೆ ಬಾಯಿಪಾಠ ಮಾಡಿಕೊಂಡಿದ್ದೆ. ಹೊರಸೂಸುವ ಪರಿಣಾಮಕಾರಿ ಶಕ್ತಿ 100 ವ್ಯಾಟ್ ಮೀರಬಾರದು, ಕಂಬ 30 ಮೀಟರ್ ದಾಟಬಾರದು, ಸುತ್ತ 5ರಿಂದ 10 ಕಿಲೋಮೀಟರ್ ಕೇಳಿಸುತ್ತದೆ, ಹೀಗೆ. ಅದನ್ನು ಅವರು ಕೇಳಲೇ ಇಲ್ಲ. ಯಾರು ಮಾತಾಡುತ್ತಾರೆ, ಯಾರು ನಡೆಸುತ್ತಾರೆ, ದುಡ್ಡು ಎಲ್ಲಿಂದ? ಆಗ ಗಂಟೆಗೆ 7 ನಿಮಿಷ ಜಾಹೀರಾತಿಗೆ ಅವಕಾಶವಿತ್ತು. ಜಾಹೀರಾತೇ ಬರದಿದ್ದರೆ ಏನು ಮಾಡುತ್ತೀರಿ ಅಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜೊತೆಗೆ ಬಂದಿದ್ದ ಸ್ತ್ರೀಶಕ್ತಿ ಸಂಘದ ಅಕ್ಕ, "ಏನಂತ ಕೇಳಿದ್ರು?" ಅಂದಳು. ಹೇಳಿದೆ. "ನಮ್ ಸಂಘ ಹನ್ನೊಂದು ವರ್ಷದಿಂದ ನಡೀತೈತಿ, ಅದಕ್ಕೇನು ಜಾಹೀರಾತು ಹಾಕಿದ್ವಾ? ವಾರಕ್ಕೆ ಇಪ್ಪತ್ತು ರೂಪಾಯಿ ಹಾಕ್ತೀವಿ, ಅಷ್ಟೆ." ಹಾಗೇ ಅನುವಾದಿಸಿದೆ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಆಶಯ ಪತ್ರ, ಅಂದರೆ ಎಲ್ಒಐ, ಬಂದ ದಿನ ಊರಿಗೆಲ್ಲ ಸಿಹಿ ಹಂಚಿದೆವು. ಹಂಚಬಾರದಿತ್ತು. ಅದು ಲೈಸೆನ್ಸ್ ಅಲ್ಲ, ತರಂಗಾಂತರಕ್ಕೂ ಕಂಬದ ಜಾಗಕ್ಕೂ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗಕ್ಕೆ ಬೇರೆಯೇ ಅರ್ಜಿ ಹಾಕಿಕೊಳ್ಳಿ ಅನ್ನುವ ಹಸಿರು ಬಾವುಟ. ಕಂಬದ ಜಾಗದ ಅನುಮತಿಗೆ ಸ್ಯಾಕ್‌ಫಾ ಅನ್ನುತ್ತಾರೆ. ಕಂಬ ವಿಮಾನದ ದಾರಿಗೆ ಅಡ್ಡ ಬರುತ್ತದೋ, ಬೇರೆ ಯಾರ ಸಿಗ್ನಲ್ಲನ್ನು ಕೆಡಿಸುತ್ತದೋ ಎಂದು ನೋಡುವುದು ಅಲ್ಲಿ.

ನಾನು ಎಡವಿದ್ದೂ ಅಲ್ಲೇ. ಅಕ್ಷಾಂಶವನ್ನು ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ತುಂಬಬೇಕಿತ್ತು. ಮೊಬೈಲಿನ ನಕ್ಷೆ 14.4213 ಎಂದು ತೋರಿಸಿತು. ನಾನು ನಿಶ್ಚಿಂತೆಯಿಂದ 14 ಡಿಗ್ರಿ 42 ನಿಮಿಷ 13 ಸೆಕೆಂಡ್ ಎಂದು ಬರೆದೆ. ದಶಮಾಂಶವನ್ನು 60ರಿಂದ ಗುಣಿಸಬೇಕು ಅನ್ನೋದು ಹೈಸ್ಕೂಲಿನ ಲೆಕ್ಕ. ಗುಣಿಸಿದರೆ 14 ಡಿಗ್ರಿ 25 ನಿಮಿಷ 17 ಸೆಕೆಂಡ್ ಆಗುತ್ತದೆ. ವಿಳಾಸಕ್ಕೂ ಬಿಂದುವಿಗೂ ತಾಳೆಯಾಗುತ್ತಿಲ್ಲ ಅಂತ ಅರ್ಜಿ ವಾಪಸ್ ಬಂದಾಗ ನಕ್ಷೆಯಲ್ಲಿ ಹುಡುಕಿದೆ. ನಮ್ಮ ಕಂಬ 31 ಕಿಲೋಮೀಟರ್ ಉತ್ತರಕ್ಕೆ, ಯಾರದೋ ಮೆಕ್ಕೆಜೋಳದ ಹೊಲದ ನಟ್ಟನಡುವೆ ನಿಂತಿತ್ತು! ರೇಖಾಂಶದ್ದೂ ಇದೇ ಕಥೆ. ತಿದ್ದಿ ಮತ್ತೆ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಕಟ್ಟಡದ ತಳ ಸಮುದ್ರಮಟ್ಟದಿಂದ ಎಷ್ಟು ಎತ್ತರ, ಕಂಬ ನೆಲದಿಂದ ಎಷ್ಟು ಎತ್ತರ ಅಂತಲೂ ಕೇಳುತ್ತಾರೆ. ಅವೆರಡನ್ನು ಅದಲುಬದಲು ಮಾಡಲಿಲ್ಲ ಅನ್ನೋದೇ ನನ್ನ ಸಮಾಧಾನ.

ಆಮೇಲಿನದು ಕಾಯುವ ಕೆಲಸ. ವಾರ್ತಾ ಸಚಿವಾಲಯದ ಜೊತೆಗಿನ ಒಪ್ಪಂದಕ್ಕೆ ಇಂಗ್ಲಿಷಿನ ಮೊದಲಕ್ಷರಗಳಲ್ಲಿ 'ಗೋಪಾ' ಎಂದು ಹೆಸರು. "ನಿಮ್ಮ ಗೋಪಪ್ಪ ಬಂದ್ನಾ?" ಎಂದು ಟೀ ಅಂಗಡಿಯವರೂ ಕೇಳತೊಡಗಿದರು. 25 ಸಾವಿರ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಟ್ಟು ಸಹಿ ಹಾಕಿದೆವು. ನಮಗೆ ಸಿಕ್ಕದ್ದು 5 ವರ್ಷದ ಅನುಮತಿ. 2024ರ ಹೊಸ ನಿಯಮದಲ್ಲಿ ಅದು 10 ವರ್ಷವಾಗಿದೆ, ಜಾಹೀರಾತಿನ ಸಮಯ ಗಂಟೆಗೆ 12 ನಿಮಿಷಕ್ಕೆ ಏರಿದೆ. ಈಗ ಹಾಕುವವರನ್ನು ಕಂಡರೆ ಸ್ವಲ್ಪ ಹೊಟ್ಟೆಯುರಿ.

ನಮಗೆ ಸಿಕ್ಕ ತರಂಗಾಂತರ 90.4. ಇದೇ ಸಂಖ್ಯೆ ರಾಜ್ಯದಲ್ಲಿ ಇನ್ನೂ ಹಲವು ಕಡೆ ಇದೆಯಲ್ಲ, ಗಲಾಟೆ ಆಗೋದಿಲ್ಲವೇ ಎಂದು ಕೇಳುತ್ತಾರೆ. ಶಕ್ತಿ ಕಡಿಮೆ ಇರುವುದರಿಂದ ಸಾಕಷ್ಟು ದೂರದಲ್ಲಿ ಅದನ್ನೇ ಮತ್ತೊಬ್ಬರಿಗೆ ಕೊಡಬಹುದು. ಇಲ್ಲಿ ಒಂದು ಮಾತು: ಕೊಟೇಶನ್ ತರಿಸಿದ್ದ ನಮ್ಮವರ ಮಾತು ಕೇಳಿ, ತರಂಗಾಂತರ ಸಿಗುವ ಮೊದಲೇ ಟ್ರಾನ್ಸ್‌ಮಿಟರಿಗೆ ಮುಂಗಡ ಕೊಟ್ಟಿದ್ದರೆ ಅದು ಪೆಟ್ಟಿಗೆಯಲ್ಲೇ ಕೂತಿರುತ್ತಿತ್ತು.

ಕೊನೆಗೆ ಬಂದದ್ದು ಡಬ್ಲ್ಯೂಒಎಲ್, ನಿಲಯ ನಡೆಸುವ ನಿಜವಾದ ಲೈಸೆನ್ಸ್. ಪರೀಕ್ಷಾರ್ಥ ಪ್ರಸಾರದ ಬೆಳಿಗ್ಗೆ ಸ್ತ್ರೀಶಕ್ತಿ ಸಂಘದ ಅಕ್ಕ ಬೀಸುವ ಪದ ಹಾಡಿದಳು. ಗುಡ್ಡದ ಆಚೆಯ ಎರಡು ಹಳ್ಳಿಗೆ ಕೇಳಿಸಲಿಲ್ಲ. ಇವತ್ತಿಗೂ ಸರಿಯಾಗಿ ಕೇಳಿಸುವುದಿಲ್ಲ. ಪ್ರಸಾರವಾದದ್ದನ್ನೆಲ್ಲ 3 ತಿಂಗಳು ಕಾಪಿಡಬೇಕು, ಅದಕ್ಕೊಂದು ಹಾರ್ಡ್ ಡಿಸ್ಕ್. ತರಂಗಾಂತರದ ಶುಲ್ಕವನ್ನು ವರ್ಷವರ್ಷ ಕಟ್ಟಬೇಕು, ಅದರ ತಾರೀಖನ್ನು ಸ್ಟುಡಿಯೋ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಬೀರುವಿನ ಬೀಗದಕೈ ಇನ್ನೂ ನನ್ನ ಹತ್ತಿರವೇ ಇದೆ.